ಬಾಣಂತನವೂ ಮುಯ್ಯಿಯೂ : ಬಿಜಾಪುರ ಸೀಮೆಯ ಎರಡು ಗ್ರಂಥಗಳ ವಿಮರ್ಶೆ

ಒಂದು ಸೀಮೆಯ ಸಾಮಾಜಿಕ ಚರಿತ್ರೆಯನ್ನು ಬರೆಯ ಹೊರಟವರಿಗೆ ಶಾಸನಗಳು, ಸನದುಗಳು, ಕಂದಾಯದ ದಫ್ತರಗಳು ಸಾಕಷ್ಟು ದೊರೆಯುತ್ತವೆ. ಆದರೆ ಒಬ್ಬ ಹೆಣ್ಣುಮಗಳು ಹಡೆದ ಮೇಲಿನ ಮೊದಲ ಕೆಲವು ತಿಂಗಳುಗಳಲ್ಲಿ ಆಕೆಯ ಮನೆಯ ನೀರನ್ನು ಯಾರು ತಂದರು, ಹಿಟ್ಟನ್ನು ಯಾರು ಬೀಸಿದರು, ಕೂಸಿಗೆ ಯಾರು ಎರೆದರು, ಚೊಚ್ಚಲ ತಾಯಿಗೆ ಹಾಲೂಡಿಸುವ ಬಗೆಯನ್ನು ಯಾರು ಕಲಿಸಿದರು ಎಂಬ ಪ್ರಶ್ನೆಗಳಿಗೆ ಈ ದಫ್ತರಗಳಲ್ಲಿ ಉತ್ತರವಿಲ್ಲ. ಬಾಣಂತನವು ಪ್ರತಿಯೊಂದು ಮನೆಯಲ್ಲಿಯೂ ನಡೆದುಬಂದ ಕಾರ್ಯ. ಅದು ಚರಿತ್ರೆಯೊಳಗೆ ಬಾರದೆ ಹೋದುದಕ್ಕೆ ಆಧಾರಗಳ ಕೊರತೆ ಒಂದು ಕಾರಣ. ಇರುವ ಆಧಾರಗಳನ್ನು ನಾವು ಓದುತ್ತ ಬಂದ ರೀತಿ ಇನ್ನೊಂದು ಕಾರಣ. ಈ ಎರಡನೆಯದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಿಜಾಪುರ ಸೀಮೆಯ ಜನಜೀವನವನ್ನು ಕುರಿತು ಬೋಧಿಸುವಾಗ ನಮ್ಮ ಕಾಲೇಜುಗಳಲ್ಲಿ ಮುಖ್ಯವಾಗಿ ಎರಡು ಗ್ರಂಥಗಳ ಆಶ್ರಯವನ್ನು ಪಡೆಯಲಾಗುತ್ತದೆ. ಒಂದು, ಜೇಮ್ಸ್ ಕ್ಯಾಂಪ್‌ಬೆಲ್ ಅವರ ಸಂಪಾದಕತ್ವದಲ್ಲಿ ೧೮೮೪ರಲ್ಲಿ ಹೊರಬಂದ ಮುಂಬಯಿ ಇಲಾಖೆಯ ಗ್ಯಾಝೆಟಿಯರಿನ ೨೩ನೆಯ ಸಂಪುಟ. ಇನ್ನೊಂದು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿಯ ಗೆಳೆಯರ ಶ್ರಮದಿಂದ ೧೯೩೧ರಲ್ಲಿ ಪ್ರಕಟವಾದ ‘ಗರತಿಯ ಹಾಡು’. ಮೊದಲನೆಯದು ಆಡಳಿತದ ಗ್ರಂಥ. ಎರಡನೆಯದು ಪ್ರೀತಿಯ ಗ್ರಂಥ. ಹುಟ್ಟು, ತೊಟ್ಟಿಲು, ತಾಯ್ತನಗಳ ಪ್ರಸ್ತಾಪ ಎರಡರಲ್ಲಿಯೂ ಇದೆ. ಆದರೆ ತಾಯಂದಿರು ಒಬ್ಬರಿಗೊಬ್ಬರು ಆಸರೆಯಾದ ಸಂಗತಿಯು ಮೊದಲನೆಯದರಲ್ಲಿ ಕಾಣದೆ ಹೋಗಿದೆ. ಎರಡನೆಯದರಲ್ಲಿ ಇದ್ದೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಗ್ಯಾಝೆಟಿಯರಿನ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಹೊಲ, ಮಳೆ, ಬರಗಾಲ, ಸಂತೆ, ಮಗ್ಗಗಳ ವಿಷಯದಲ್ಲಿ ಅದು ಇಂದಿಗೂ ಮೊದಲು ತೆರೆಯಬೇಕಾದ ಪುಸ್ತಕ. ಆದರೆ ಜನರನ್ನು ಕುರಿತ ಅದರ ಅಧ್ಯಾಯವು ಜಾತಿಗಳ ಅನುಕ್ರಮದಲ್ಲಿ ರಚಿತವಾಗಿದೆ. ಒಂದೊಂದು ಜಾತಿಯ ಉಡುಗೆ, ಊಟ, ಕಸುಬುಗಳನ್ನು ಹೇಳಿದ ಮೇಲೆ ಹುಟ್ಟು, ಮದುವೆ, ಸಾವುಗಳ ಆಚಾರಗಳನ್ನು ಹೇಳುವುದು ಅದರ ಕ್ರಮ. ಸೂಲಗಿತ್ತಿ ಹೊಕ್ಕುಳಬಳ್ಳಿಯನ್ನು ಕೊಯ್ಯುವುದು, ಐದನೆಯ ದಿನದ ಪೂಜೆ, ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ಇಂತಹವು ಅಲ್ಲಿ ದಾಖಲಾಗುವ ಸಂಗತಿಗಳು. ಆಚಾರಕ್ಕೆ ದಿನ, ದಕ್ಷಿಣೆ, ದೇವತೆಗಳು ಇರುವುದರಿಂದ ಅದನ್ನು ಬರೆದುಕೊಳ್ಳುವುದು ಸುಲಭ. ಆದರೆ ಐದನೆಯ ದಿನಕ್ಕೂ ಹನ್ನೆರಡನೆಯ ದಿನಕ್ಕೂ ನಡುವೆ, ಹನ್ನೆರಡನೆಯ ದಿನದಿಂದ ಮೂರನೆಯ ತಿಂಗಳವರೆಗೆ, ಪ್ರತಿನಿತ್ಯ ನಡೆದ ಆರೈಕೆಗೆ ಇಂತಹ ಗುರುತುಗಳಿಲ್ಲ.

ಈ ಕ್ರಮದಿಂದ ಎರಡು ದೋಷಗಳು ಉಂಟಾದವು. ಜಾತಿಯನ್ನೇ ಘಟಕವನ್ನಾಗಿ ಮಾಡಿಕೊಂಡುದರಿಂದ, ಒಂದೇ ಓಣಿಯಲ್ಲಿ ಬೇರೆ ಬೇರೆ ಜಾತಿಯ ಹೆಂಗಸರ ನಡುವೆ ನಡೆಯುವ ಕೊಡುಕೊಳ್ಳುವಿಕೆಗೆ ಬರೆಯುವ ಸ್ಥಳವೇ ಇಲ್ಲದಂತಾಯಿತು. ಸೂಲಗಿತ್ತಿಯೊಬ್ಬಳೇ ಈ ಗೆರೆಯನ್ನು ದಾಟಿ ಬರುತ್ತಾಳೆ. ಅದೂ ಕೂಲಿ ಪಡೆಯುವವಳಾಗಿ ಮಾತ್ರ. ಎರಡನೆಯದಾಗಿ, ಈ ಸಂಪುಟಗಳ ಸಾಮಗ್ರಿಯನ್ನು ಒದಗಿಸಿದವರು ಕಚೇರಿಯ ಗಂಡಸರು. ಬಾಣಂತಿಯ ಕೋಣೆಯ ಬಾಗಿಲು ಅವರಿಗೆ ತೆರೆದಿರಲಿಲ್ಲ. ಹೊರಗಿನ ಪಡಸಾಲೆಯಲ್ಲಿ ನಡೆದ ಪೂಜೆಯನ್ನು ಕೇಳಿ ತಿಳಿದರು; ಒಳಗಿನ ಕೆಲಸವನ್ನು ಕಾಣಲಿಲ್ಲ.

ಇಷ್ಟಲ್ಲದೆ ಆ ಸಂಪುಟದ ಎಲ್ಲೆಯೂ ಗಮನಾರ್ಹವಾಗಿದೆ. ಅದು ಬ್ರಿಟಿಷ್ ಜಿಲ್ಲೆಯ ವಿವರಣೆ. ಮಹಾಲಿಂಗಪುರವು ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನದಲ್ಲಿತ್ತು. ನೆರೆಯ ಜಮಖಂಡಿ ಪಟವರ್ಧನರದು. ೧೯೪೮ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ಇವು ಬಿಜಾಪುರ ಜಿಲ್ಲೆಯ ಚರಿತ್ರೆಯೊಳಗೆ ಬಂದವು. ೧೯೯೭ರಿಂದ ಇವು ಬಾಗಲಕೋಟೆ ಜಿಲ್ಲೆಯಲ್ಲಿವೆ. ಮಗ್ಗಕ್ಕೂ ಬೆಲ್ಲದ ಪೇಟೆಗೂ ಹೆಸರಾದ ಈ ಊರಿನ ಮನೆಯೊಳಗಿನ ಬದುಕನ್ನು ೧೮೮೪ರ ಗ್ರಂಥದಿಂದ ಊಹಿಸಿಕೊಳ್ಳುವವರು ಈ ಎಲ್ಲೆಯನ್ನು ನೆನಪಿನಲ್ಲಿಡಬೇಕು.

ಮಹಾಲಿಂಗಪುರದಂತಹ ನೇಕಾರ ಊರಿನಲ್ಲಿ ಬಾಣಂತನದ ಪ್ರಶ್ನೆ ಆಚಾರದ ಪ್ರಶ್ನೆಯಷ್ಟೇ ಅಲ್ಲ, ದುಡಿಮೆಯ ಪ್ರಶ್ನೆಯೂ ಆಗಿದೆ. ಕೈಮಗ್ಗದ ಮನೆಯಲ್ಲಿ ಗಂಡಸು ಕುಣಿಯಲ್ಲಿ ಕುಳಿತು ನೇಯುವನು. ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಕಂಡಿಕೆಯಿಲ್ಲದೆ ಲಾಳಿ ನಡೆಯದು. ಲಾಳಿ ನಡೆಯದೆ ಸೀರೆ ಇಳಿಯದು. ಸೀರೆ ಇಳಿಯದೆ ಕೂಲಿ ಬಾರದು. ಹಾಗಿದ್ದ ಮೇಲೆ ಮನೆಯ ಹೆಂಗಸು ಹಡೆದು ಮಲಗಿದಾಗ ಆಕೆಯ ಪಾಲಿನ ಕಂಡಿಕೆಯನ್ನು ಸುತ್ತಿದವರು ಯಾರು? ಅತ್ತೆಯೇ, ನಾದಿನಿಯೇ, ನೆರೆಮನೆಯವಳೇ? ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯು ಈ ಭಾರವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತಿತ್ತೆ ಹೊರತು ಇಲ್ಲವಾಗಿಸುತ್ತಿರಲಿಲ್ಲ. ಎರಡನೆಯ, ಮೂರನೆಯ ಹೆರಿಗೆ ಗಂಡನ ಮನೆಯಲ್ಲಿಯೇ ಆದಾಗ, ತವರಿನಲ್ಲಿ ತಾಯಿ ಇಲ್ಲದಾಗ, ಓಣಿಯೇ ತವರಾಗಬೇಕಾಗುತ್ತಿತ್ತು.

ಇದಕ್ಕೆ ಕನ್ನಡದಲ್ಲಿ ಒಂದು ಮಾತು ಸಿದ್ಧವಾಗಿದೆ: ಮುಯ್ಯಿ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು, ತಮ್ಮ ಹೊಲಕ್ಕೆ ಅವರ ದುಡಿಮೆಯನ್ನು ಹಿಂದಕ್ಕೆ ಪಡೆಯುವುದನ್ನು ನಮ್ಮ ಒಕ್ಕಲಿಗರು ಮುಯ್ಯಾಳು ಎನ್ನುತ್ತಾರೆ. ಮದುವೆಯಲ್ಲಿ ಕೊಟ್ಟ ಉಡುಗೊರೆ ತಿರುಗಿ ಬರುವುದೂ ಮುಯ್ಯಿಯೇ. ಬರೆದಿಡದ, ಬಡ್ಡಿಯಿಲ್ಲದ, ಆದರೆ ಮರೆಯಬಾರದ ಸಾಲವಿದು. ನೆರೆಯ ಬಾಣಂತಿಗೆ ನೀರು ಹೊತ್ತುಕೊಟ್ಟವಳು, ಆಕೆಯ ಹಿರಿಯ ಮಗುವನ್ನು ತನ್ನ ಮನೆಯಲ್ಲಿ ಉಣ್ಣಿಸಿದವಳು, ಅಳವಿ ಪಾಯಸವನ್ನೋ ಅಂಟಿನುಂಡೆಯನ್ನೋ ಸೆರಗಿನಲ್ಲಿ ಮುಚ್ಚಿ ತಂದವಳು, ಎದೆಹಾಲು ಇಳಿಯದ ದಿನ ಆ ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡವಳು — ಇವರೆಲ್ಲರೂ ತಮ್ಮ ಬಾಣಂತನದಲ್ಲಿ ಪಡೆದುದನ್ನು ತೀರಿಸುವವರು, ಇಲ್ಲವೆ ಮುಂದೆ ಪಡೆಯಬೇಕಾದವರು. ಬಾಣಂತನವನ್ನು ಸಂಪ್ರದಾಯವೆಂದು ಕರೆಯುವುದಕ್ಕಿಂತ ಹೆಂಗಸರ ಮುಯ್ಯಿಯೆಂದು ಕರೆಯುವುದು ಚರಿತ್ರೆಗೆ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ಸಂಪ್ರದಾಯವೆಂದರೆ ತಾನಾಗಿ ನಡೆಯುವುದೆಂಬ ಭಾವನೆ ಬರುತ್ತದೆ. ಮುಯ್ಯಿಯೆಂದರೆ ಯಾರೋ ದುಡಿದರೆಂಬುದು ನೆನಪಿಗೆ ಬರುತ್ತದೆ.

ಈ ದೃಷ್ಟಿಯಿಂದ ‘ಗರತಿಯ ಹಾಡು’ ಗ್ರಂಥವನ್ನು ಪುನಃ ಓದಬೇಕಾಗಿದೆ. ಹಲಸಂಗಿಯು ಭೀಮಾತೀರದ ಹಳ್ಳಿ, ಆಗಿನ ಇಂಡಿ ತಾಲೂಕಿನದು. ಮಹಾಲಿಂಗಪುರ ಅಲ್ಲಿಂದ ದೂರವಿದ್ದು, ಕೃಷ್ಣೆಯ ದಕ್ಷಿಣಕ್ಕಿದೆ. ಆದರೆ ಬೀಸುವ ಕಲ್ಲು, ತ್ರಿಪದಿ, ತೊಟ್ಟಿಲುಗಳು ಎರಡೂ ಕಡೆ ಒಂದೇ ಬಗೆಯವು. ಆದುದರಿಂದ ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಎಚ್ಚರಿಕೆಯಿಂದ ಅನ್ವಯಿಸಬಹುದು. ಓದುಬರಹವಿಲ್ಲದ ಹೆಂಗಸರ ಮಾತನ್ನು ಕಾವ್ಯವೆಂದು ಗೌರವಿಸಿದ ಹಲಸಂಗಿಯ ಗೆಳೆಯರ ಉಪಕಾರ ದೊಡ್ಡದು. ಆದರೆ ಗ್ರಂಥದ ಹೆಸರಿನಲ್ಲಿರುವ ಏಕವಚನವು ವಿಮರ್ಶಕರನ್ನು ದಾರಿತಪ್ಪಿಸಿದೆ. ‘ಗರತಿ’ ಎಂಬ ಒಬ್ಬಳು ತಾಯಿಯನ್ನು ಕಲ್ಪಿಸಿಕೊಂಡು, ಹಾಡುಗಳೆಲ್ಲವನ್ನೂ ಆಕೆಯ ಏಕಾಂತದ ಭಾವನೆಗಳೆಂದು ವ್ಯಾಖ್ಯಾನಿಸುವ ರೂಢಿ ಬೆಳೆಯಿತು. ಕೂಸಿನ ಹಾಡುಗಳನ್ನು ವಾತ್ಸಲ್ಯವೆಂದೂ ತವರಿನ ಹಾಡುಗಳನ್ನು ಹಂಬಲವೆಂದೂ ವಿಂಗಡಿಸಿ, ಅಲ್ಲಿಗೇ ವಿಮರ್ಶೆಯನ್ನು ಮುಗಿಸಿಬಿಡುತ್ತೇವೆ.

ಅಚ್ಚಿನ ಪುಟದಲ್ಲಿ ತ್ರಿಪದಿಯು ಒಂಟಿಯಾಗಿ ನಿಲ್ಲುತ್ತದೆ. ಬೀಸುವ ಕಲ್ಲಿನ ಬಳಿ ಅದು ಹಾಗಿರಲಿಲ್ಲ. ಇಬ್ಬರು ಹೆಂಗಸರು ಎದುರೆದುರು ಕುಳಿತು, ಒಂದೇ ಗೂಟವನ್ನು ಹಿಡಿದು ತಿರುಗಿಸುತ್ತ, ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿದು ಹಾಡುವುದು ಅದರ ನಿಜವಾದ ಸನ್ನಿವೇಶ. ಹಾಡಿನ ಕಟ್ಟೇ ಎರಡು ಕೈಗಳ, ಎರಡು ಕೊರಳುಗಳ ಕೂಡು ದುಡಿಮೆಗೆ ಒಗ್ಗಿದ್ದು. ಇನ್ನೊಂದು ಸಂಗತಿಯನ್ನೂ ವಾಚಕರು ಗಮನಿಸಬೇಕು. ಹಸಿಬಾಣಂತಿಯು ಬೀಸುವುದಿಲ್ಲ, ಆದರೆ ಮನೆಯ ಜೋಳ ಹಿಟ್ಟಾಗಲೇಬೇಕು. ಆ ಹೊತ್ತಿನಲ್ಲಿ ಕಲ್ಲಿನ ಮುಂದೆ ಕುಳಿತು ಕೂಸಿನ ಹಾಡನ್ನು ಹಾಡುವವಳು ಆ ಕೂಸಿನ ತಾಯಿಯಲ್ಲ. ಆಕೆಗಾಗಿ ಬೀಸಲು ಬಂದವಳು. ಹಾಗಾದರೆ ಹಾಡಿನೊಳಗಿನ ‘ನಾನು’ ಎಂಬುದು ಹಡೆದವಳ ದನಿಯೇ ಆಗಿರಬೇಕೆಂಬ ನಿಯಮವಿಲ್ಲ. ನೆರೆಯ ಕೂಸನ್ನು ತನ್ನದೆಂದು ಹಾಡಿದವಳ ದನಿಯೂ ಆಗಿರಬಹುದು. ಇಂತಹ ಕಡೆ ವಾತ್ಸಲ್ಯವನ್ನು ಮಾತ್ರ ಕಂಡು ಮುಯ್ಯಿಯನ್ನು ಕಾಣದ ವಿಮರ್ಶೆ ಅರ್ಧವಿಮರ್ಶೆಯೆಂದೇ ಹೇಳಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಹೀಗೆ ಹೇಳುವುದರಿಂದ ಹಿಂದಿನ ಓಣಿಯನ್ನು ಸ್ವರ್ಗವನ್ನಾಗಿ ಚಿತ್ರಿಸಿದಂತಾಗುವುದಿಲ್ಲವೇ? ಹಾಗೆ ಚಿತ್ರಿಸುವುದು ಸರ್ವಥಾ ಸಲ್ಲದು. ಮುಯ್ಯಿಗೆ ಒಳಗಿನವರಿದ್ದಂತೆ ಹೊರಗಿನವರೂ ಇದ್ದರು. ವಿಧವೆಯನ್ನೂ ಮಕ್ಕಳಿಲ್ಲದವಳನ್ನೂ ತೊಟ್ಟಿಲ ಶುಭಕಾರ್ಯದಿಂದ ದೂರವಿಡಲಾಗುತ್ತಿತ್ತು. ಬಂಜೆಯೆನಿಸಿಕೊಂಡವಳ ದುಃಖಕ್ಕೆ ನಮ್ಮ ಜನಪದ ಹಾಡುಗಳೇ ಸಾಕ್ಷಿ. ಹೆರಿಗೆಯ ಕೋಣೆಯಲ್ಲಿ ಜೀವವನ್ನುಳಿಸಿದ ಸೂಲಗಿತ್ತಿ ಅನೇಕ ಕಡೆ ಅಡಿಗೆಮನೆಯ ಹೊಸ್ತಿಲನ್ನು ದಾಟುವಂತಿರಲಿಲ್ಲ. ಶರಣರು ಜನನಸೂತಕವನ್ನು ನಿರಾಕರಿಸಿದ ನಾಡಿನಲ್ಲಿಯೂ ಮೈಲಿಗೆಯ ಭಾವನೆ ಬೇರೆ ಬೇರೆ ರೂಪದಲ್ಲಿ ಉಳಿಯಿತು. ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರನ್ನು ಮಿತಗೊಳಿಸುವುದು ಮುಂತಾದ ಹಾನಿಕರ ತಿಳಿವಳಿಕೆಗಳೂ ಇದೇ ಓಣಿಯ ಹಿರಿಯರಿಂದ ಕಿರಿಯರಿಗೆ ದಾಟಿದವು. ಆದರೆ ದೋಷವಿದೆಯೆಂಬ ಕಾರಣಕ್ಕೆ ಒಂದು ಸಂಸ್ಥೆಯನ್ನು ಚರಿತ್ರೆಯಿಂದ ಕೈಬಿಡುವುದು ನ್ಯಾಯವಲ್ಲ. ಗ್ರಾಮಪಂಚಾಯತಿಗಳ, ಶ್ರೇಣಿಗಳ ದೋಷಗಳನ್ನು ಬಲ್ಲೆವು. ಆದರೂ ಅವುಗಳ ಚರಿತ್ರೆಯನ್ನು ಬರೆಯುತ್ತೇವೆ.

ಈ ವಿಚಾರವು ಗ್ರಂಥವಿಮರ್ಶೆಗೆ ಮಾತ್ರ ಸೀಮಿತವಾದುದಲ್ಲ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ವಿದ್ಯುನ್ಮಗ್ಗ ಬಂದು ಮನೆಯ ದುಡಿಮೆಯ ಕ್ರಮ ಬದಲಾಯಿತು. ಹೆರಿಗೆ ಆಸ್ಪತ್ರೆಗೆ ಹೋಯಿತು: ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇಕಡಾ ೯೭ರಷ್ಟು ಹೆರಿಗೆಗಳು ಸಂಸ್ಥೆಗಳಲ್ಲಿ ಆದವು. ಇದರಿಂದ ಉಳಿದ ಜೀವಗಳನ್ನು ನೆನೆದರೆ ಹಿಂದಕ್ಕೆ ಹೋಗಬೇಕೆಂದು ಯಾರೂ ಬಯಸಲಾರರು. ಆದರೆ ಆಸ್ಪತ್ರೆ ನೋಡಿಕೊಳ್ಳುವುದು ಕೆಲವು ದಿನಗಳನ್ನು. ಉಳಿದ ತಿಂಗಳುಗಳು ಮನೆಯವು. ೨೦೧೧ರಲ್ಲಿ ಆರಂಭವಾದ ನವಜಾತ ಶಿಶುವಿನ ಗೃಹಾಧಾರಿತ ಆರೈಕೆಯ ಕ್ರಮದಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯು ೪೨ ದಿನಗಳೊಳಗೆ ಆರು ಬಾರಿ ಭೇಟಿ ಕೊಡಬೇಕು. ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಯೂ, ಸಂಬಳಸಹಿತ ರಜೆಯನ್ನು ೧೨ ವಾರಗಳಿಂದ ೨೬ ವಾರಗಳಿಗೆ ಏರಿಸಿದ ೨೦೧೭ರ ತಿದ್ದುಪಡಿಯೂ ಮಾಲೀಕನಿರುವ ಉದ್ಯೋಗವನ್ನು ಮನಸ್ಸಿನಲ್ಲಿಟ್ಟು ರಚಿತವಾದವು. ತನ್ನ ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವವಳಿಗೆ ರಜೆ ಕೊಡುವ ಮಾಲೀಕನಾರು? ಆಕೆಯ ರಜೆ ಹಿಂದೆ ಓಣಿಯ ಕೈಯಲ್ಲಿತ್ತು.

ಓಣಿಯ ಈ ಬಲವು ಭಾವುಕರ ಕಲ್ಪನೆಯಲ್ಲವೆಂಬುದಕ್ಕೆ ಬೇರೆಡೆಯ ಪ್ರಮಾಣಗಳಿವೆ. ನೇಪಾಳದ ಮಕವಾನಪುರ ಜಿಲ್ಲೆಯಲ್ಲಿ ಹೆಂಗಸರು ತಿಂಗಳಿಗೊಮ್ಮೆ ಗುಂಪಾಗಿ ಕಲೆತು ಹೆರಿಗೆ-ಬಾಣಂತನಗಳ ತೊಂದರೆಗಳನ್ನು ತಾವೇ ಚರ್ಚಿಸಿ ದಾರಿ ಹುಡುಕಿಕೊಂಡ ಪ್ರಯೋಗದ ಫಲಿತಾಂಶ ೨೦೦೪ರಲ್ಲಿ ಪ್ರಕಟವಾಯಿತು. ಅಂತಹ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಮರಣ ಶೇಕಡಾ ೩೦ರಷ್ಟು ಕಡಿಮೆಯಿತ್ತು. ಜಾರ್ಖಂಡ, ಒಡಿಶಾಗಳಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಇಂತಹದೇ ಅಧ್ಯಯನದಲ್ಲಿ ಮೂರು ವರ್ಷಗಳ ಅವಧಿಗೆ ಈ ಇಳಿತ ಶೇಕಡಾ ೩೨ರಷ್ಟು. ಅಲ್ಲಿ ಹೊಸ ಔಷಧವೇನೂ ಈ ಫಲಕ್ಕೆ ಕಾರಣವಾಗಿರಲಿಲ್ಲ. ಮುಖ್ಯವಾಗಿ ಹೆಂಗಸರ ಕೂಟಗಳೇ ಕಾರಣವಾಗಿದ್ದವು. ಅಮೇರಿಕದ ಇಲಿನಾಯ್ ಸಂಸ್ಥಾನದಲ್ಲಿ ೧೯೫೬ರಲ್ಲಿ ಏಳು ಮಂದಿ ತಾಯಂದಿರು ಎದೆಹಾಲೂಡಿಸುವವರಿಗೆ ಪರಸ್ಪರ ನೆರವಾಗಲೆಂದು ಒಂದು ಸಂಘವನ್ನೇ ಕಟ್ಟಬೇಕಾಯಿತು. ಓಣಿಯ ಮುಯ್ಯಿ ಇಲ್ಲದ ಕಡೆ ಅದನ್ನು ಬುದ್ಧಿಪೂರ್ವಕವಾಗಿ ಕಟ್ಟಿಕೊಳ್ಳಬೇಕಾಗುವುದೆಂದು ಇದರಿಂದ ತೋರಿಬರುತ್ತದೆ.

ಆದುದರಿಂದ ಎರಡು ಗ್ರಂಥಗಳ ವಿಷಯದಲ್ಲಿ ನಮ್ಮ ನಿರ್ಣಯವಿಷ್ಟು. ೧೮೮೪ರ ಸಂಪುಟವನ್ನು ಆಚಾರಗಳ ಪಟ್ಟಿಯಾಗಿ ಬಳಸಬಹುದು. ಬಾಣಂತನದ ಚರಿತ್ರೆಯಾಗಿ ಬಳಸಲಾಗದು. ೧೯೩೧ರ ಸಂಕಲನವು ಅದಕ್ಕಿಂತ ಹೆಚ್ಚು ಸಮರ್ಥವಾದ ಆಧಾರ. ಆದರೆ ಅದನ್ನು ಒಬ್ಬಳ ಹೃದಯದ ಹಾಡಾಗಿ ಓದುವುದನ್ನು ಬಿಟ್ಟು, ಇಬ್ಬರ ದುಡಿಮೆಯ ಹಾಡಾಗಿ ಓದಬೇಕು. ಇವೆರಡೂ ಹೇಳದಿರುವುದನ್ನು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಲ್ಲಿನಲ್ಲಿ ಬೀಸಿದ, ರಾಟಿಯಲ್ಲಿ ಸುತ್ತಿದ, ಹತ್ತು ಮನೆಗಳ ಕೂಸುಗಳಿಗೆ ಎರೆದ ಹಿರಿಯ ಹೆಣ್ಣುಮಕ್ಕಳು ಮಹಾಲಿಂಗಪುರ, ರಬಕವಿ, ಬನಹಟ್ಟಿಗಳ ಓಣಿಗಳಲ್ಲಿ ಸಿಗುತ್ತಾರೆ. ಆದರೆ ಅವರ ಸಂಖ್ಯೆ ವರ್ಷವರ್ಷಕ್ಕೆ ಕುಗ್ಗುತ್ತಿದೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ಕಂಡು ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ: ನಿಮ್ಮ ಬಾಣಂತನದಲ್ಲಿ ಯಾರು ಬಂದರು, ಎಷ್ಟು ದಿನ ಬಂದರು, ಯಾವ ಕೆಲಸ ಮಾಡಿದರು, ಯಾರು ಬರಲಿಲ್ಲ, ಆ ಮುಯ್ಯಿಯನ್ನು ನೀವು ಹೇಗೆ ತೀರಿಸಿದಿರಿ? ಉತ್ತರಗಳನ್ನು ಜಾತಿವಾರು ಬರೆದುಕೊಳ್ಳದೆ ಓಣಿವಾರು ಬರೆದುಕೊಂಡರೆ, ಗ್ಯಾಝೆಟಿಯರಿಗೆ ಕಾಣದಿದ್ದ ಸಂಬಂಧಗಳು ಕಾಣಿಸಿಕೊಳ್ಳುವುವೆಂದು ನಂಬಬಹುದು. ಈ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಆದರೆ ಇನ್ನು ಹೆಚ್ಚು ಕಾಲ ತಡೆಯುವಂತಿಲ್ಲ.