ಆತುರಕ್ಕೆ ಒಗ್ಗದ ನಾಲ್ಕು ಪ್ಲಗ್ಗುಗಳು

ಜನವರಿಯ ಬೆಳಗ್ಗೆ ಆರೂಕಾಲಿಗೆ ಸುದ್ದಗುಂಟೆಪಾಳ್ಯದ ನಮ್ಮ ಅಡ್ಡರಸ್ತೆಯಲ್ಲಿ ಹಳೆಯ ಡೀಸೆಲ್ ಗಾಡಿಯೊಂದು ಸೆಲ್ಫ್ ಹೊಡೆದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಮೊದಲು ನರಳಾಟ, ಆಮೇಲೆ ಕುಂಟು ಕುದುರೆ ಓಡಿದಂಥ ಸದ್ದು, ಅದರ ಬೆನ್ನಿಗೇ ಕಣ್ಣುರಿಸುವ ಬಿಳಿ ಹೊಗೆ. ಹೊಗೆ ನೆಟ್ಟಗೆ ಎದುರಿನ ಪಿ.ಜಿ.ಯ ಮೊದಲ ಮಹಡಿಗೆ ಏರುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದ ಕಾಲೇಜು ಹುಡುಗರು ಬೈಯುತ್ತಾ ಒಳಗೆ ಎಳೆದುಕೊಳ್ಳುತ್ತಾರೆ. ಗಾಡಿ ನನ್ನದೇ, 2003ರ ಕ್ವಾಲಿಸ್. ಹಾಗಾಗಿ ಬೈಗುಳವೂ ನನ್ನದೇ.

‘ಹೀಟರ್ ಹೋಗಿದೆ ಸಾರ್’ ಎಂಬ ತೀರ್ಪು ಹಾಲು ಹಾಕುವವರಿಂದ ಹಿಡಿದು ಮೂಲೆಮನೆಯ ನಿವೃತ್ತ ಡ್ರೈವರವರೆಗೆ ಎಲ್ಲರ ಬಾಯಲ್ಲೂ ಸಿದ್ಧವಿರುತ್ತದೆ. ಕಂಪನಿಯ ಪುಸ್ತಕದಲ್ಲಿ ಅದರ ಹೆಸರು ಗ್ಲೋ ಪ್ಲಗ್. ಬೆಂಗಳೂರಿನ ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್ಗು, ಇನ್ನೂ ಸದರದಲ್ಲಿ ಬರೀ ಹೀಟರು. ಬೆರಳುದ್ದದ ಲೋಹದ ಕಡ್ಡಿ. ಅದರ ತುದಿಯ ಸಣ್ಣ ಕೊಳವೆಯೊಳಗೆ ತಂತಿಯ ಸುರುಳಿ, ಸುರುಳಿಯ ಸುತ್ತ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಕೀಲಿ ತಿರುಗಿಸಿದ ಕೆಲವೇ ಸೆಕೆಂಡುಗಳಲ್ಲಿ ತುದಿ 850 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಡವಾಗುತ್ತದೆ. ಸಿಲಿಂಡರಿಗೊಂದರಂತೆ ನಾಲ್ಕು. ಇವನ್ನು ಗ್ಯಾರೇಜಿಗೆ ಹೋಗದೆ ಮನೆಯಲ್ಲೇ ಬದಲಿಸುವ ಚಾಳಿ ನನಗೂ ನನ್ನಂಥ ಕೆಲವರಿಗೂ ಇದೆ. ನಮ್ಮ ಪಾಳ್ಯದಲ್ಲಿ ‘ಮನೆಯಲ್ಲಿ’ ಎಂದರೆ ಗೇಟಿನ ಹೊರಗೆ, ಚರಂಡಿ ಕಲ್ಲಿನ ಮೇಲೆ ಒಂದು ಚಕ್ರ ಹತ್ತಿಸಿ ನಿಲ್ಲಿಸಿದ ಜಾಗದಲ್ಲಿ, ಹಿಂದೆ ಬಂದ ಆಟೋದವನ ಹಾರನ್ ಕೇಳುತ್ತಾ ಎಂದು ಅರ್ಥ. ಈ ಚಾಳಿಯನ್ನು ಹೊಗಳುವವರು ಮೊದಲು ಎತ್ತುವುದು ದುಡ್ಡು ಉಳಿಯುವ ಮಾತನ್ನು. ಅದು ಅದರ ಅತ್ಯಂತ ದುರ್ಬಲ ಸಮರ್ಥನೆ. ಪ್ಲಗ್ಗೊಂದಕ್ಕೆ ಕೆಲವು ನೂರು ರೂಪಾಯಿ, ಮಜೂರಿಯೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲಿ ಉಳಿಸಿದ್ದನ್ನು ಸ್ಪ್ಯಾನರು, ಸಾಕೆಟ್ಟು, ಮೀಟರು ಎಂದು ಎಸ್.ಪಿ. ರಸ್ತೆಯಲ್ಲಿ ಕಳೆದುಕೊಳ್ಳುವುದೇ ವಾಡಿಕೆ.

ಅದಕ್ಕೂ ಮೊದಲಿನ ಪ್ರಶ್ನೆ: ಬೆಂಗಳೂರಿಗೆ ಹೀಟರ್ ಬೇಕೇ? ಈ ಊರಿನ ದಾಖಲೆಯ ಅತಿ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗಿನ ಚಳಿಗಾಲದ ಬೆಳಗು 15, 16ರ ಸುಮಾರಿಗೆ ನಿಲ್ಲುತ್ತದೆ. ‘ನಮ್ಮೂರಲ್ಲಿ ಅದೆಲ್ಲ ಸುಮ್ಮನೆ, ಎರಡು ಸಲ ಸೆಲ್ಫ್ ಹೊಡಿ’ ಎನ್ನುವವರ ಮಾತು ಅರ್ಧ ನಿಜ. ಯಾವ ಅರ್ಧ ಎಂಬುದು ಎಂಜಿನ್ನಿನ ಹೊಟ್ಟೆಯನ್ನು ಅವಲಂಬಿಸಿದೆ. 2007ರಲ್ಲಿ ಬಂದ ಡೀಸೆಲ್ ಸ್ವಿಫ್ಟಿನಂಥ ಕಾಮನ್‌ರೇಲ್ ಗಾಡಿಗಳಲ್ಲಿ ಇಂಜೆಕ್ಟರಿನಿಂದ ಡೀಸೆಲ್ ಎಣ್ಣೆ ನೇರವಾಗಿ ಪಿಸ್ಟನ್ ತಲೆಯ ಮೇಲೇ ಬೀಳುತ್ತದೆ. ಅಲ್ಲಿ ಪ್ಲಗ್ಗು ಸತ್ತಿದ್ದರೂ ಬೆಂಗಳೂರಿನ ಬೆಳಗಿನಲ್ಲಿ ಗಾಡಿ ಹೊರಟುಬಿಡುತ್ತದೆ, ಡ್ಯಾಶ್‌ಬೋರ್ಡಿನ ದೀಪವೊಂದು ಮುನಿಸಿಕೊಳ್ಳುತ್ತದೆ ಅಷ್ಟೆ. 1998ರ ಕೊನೆಯಲ್ಲಿ ಬಂದ ಮೊದಲ ಇಂಡಿಕಾ, 2000ದಿಂದ 2005ರವರೆಗೆ ಬಿಡದಿಯಲ್ಲಿ ತಯಾರಾಗಿ ಊರಿನ ಕಾಲ್‌ಸೆಂಟರ್ ರಾತ್ರಿಗಳನ್ನೆಲ್ಲ ಹೊತ್ತು ತಿರುಗಿದ ಕ್ವಾಲಿಸ್, ಇವುಗಳ ಜಾತಿ ಬೇರೆ. ಇವುಗಳಲ್ಲಿ ಎಣ್ಣೆ ಮೊದಲು ಬೀಳುವುದು ಪಕ್ಕದ ಸಣ್ಣ ಸುಳಿಕೋಣೆಗೆ. ಒತ್ತಿದ ಗಾಳಿಯ ಬಿಸಿಯನ್ನು ಆ ಕೋಣೆಯ ತಣ್ಣನೆಯ ಗೋಡೆಗಳು ಹೀರಿಕೊಳ್ಳುತ್ತವೆ. ಸುಮಾರು ಇಪ್ಪತ್ತೆರಡು ಪಟ್ಟು ಒತ್ತಿದರೂ ಬೆಳಗಿನ ಮೊದಲ ಸುತ್ತುಗಳಲ್ಲಿ ಡೀಸೆಲ್ ಹತ್ತಿಕೊಳ್ಳುವಷ್ಟು ಬಿಸಿ ಉಳಿಯುವುದಿಲ್ಲ. ಹತ್ತದ ಎಣ್ಣೆಯೇ ಆವಿಯಾಗಿ ಪಿ.ಜಿ. ಹುಡುಗರ ಬಾಲ್ಕನಿಗೆ ಹೋಗುವ ಬಿಳಿ ಹೊಗೆ. ಇಂಥ ಗಾಡಿಗೆ ಹದಿನೈದು ಡಿಗ್ರಿಯೂ ಚಳಿಯೇ.

ಹಾಗೆಂದು ಬಿಳಿ ಹೊಗೆ ಕಂಡ ತಕ್ಷಣ ಜೆ.ಸಿ. ರಸ್ತೆಗೆ ಓಡಿ ನಾಲ್ಕು ಪ್ಲಗ್ಗು ತರುವುದಿದೆಯಲ್ಲ, ಮನೆಯಲ್ಲೇ ರಿಪೇರಿ ಮಾಡುವವರ ಮೊದಲ ಪಾಪ ಅದು. ನಾನೂ ಮಾಡಿದ್ದೇನೆ. ಹೊಸ ಪ್ಲಗ್ಗು ಹಾಕಿದ ಮರುದಿನವೂ ಗಾಡಿ ಅದೇ ರಾಗ ಎಳೆಯಿತು. ತಪ್ಪು ಪ್ಲಗ್ಗುಗಳಿಗೆ ಕರೆಂಟು ಹರಿಸುವ ರಿಲೇಯದ್ದಾಗಿತ್ತು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯ ದೀಪ ಹತ್ತಿ ಆರಿದ್ದನ್ನೇ ನಂಬಿ ಕೆಟ್ಟೆ. ಹಳೆಯ ಗಾಡಿಗಳಲ್ಲಿ ಆ ದೀಪ ಆರುವುದು ಟೈಮರಿನ ಲೆಕ್ಕಕ್ಕೆ, ಪ್ಲಗ್ಗು ಕಾದಿತೋ ಇಲ್ಲವೋ ಅದಕ್ಕೆ ತಿಳಿಯದು. ಮೊದಲು ನೋಡಬೇಕಾದ್ದು ನಾಲ್ಕೂ ಪ್ಲಗ್ಗುಗಳ ತಲೆಯನ್ನು ಜೋಡಿಸುವ ಲೋಹದ ಪಟ್ಟಿಗೆ ಕರೆಂಟು ಬರುತ್ತಿದೆಯೇ ಎಂದು. ಒಬ್ಬರು ಕೀಲಿ ತಿರುಗಿಸಿ ಇನ್ನೊಬ್ಬರು ಮೀಟರಿನ ಕಡ್ಡಿ ತಾಗಿಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಬರದಿದ್ದರೆ ತಪ್ಪು ರಿಲೇ, ಫ್ಯೂಸು, ವೈರುಗಳ ಕಡೆ. ಬರುತ್ತಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪಟ್ಟಿ ತೆಗೆದು, ಒಂದೊಂದೇ ಪ್ಲಗ್ಗಿನ ನಾಡಿ ಹಿಡಿಯಬೇಕು. ನೆಗೆಟಿವ್ ಬಿಚ್ಚುವುದನ್ನು ಮರೆಯಬಾರದು. ಪ್ಲಗ್ಗೊಂದು ಹತ್ತರಿಂದ ಇಪ್ಪತ್ತು ಆಂಪಿಯರ್ ಎಳೆಯುವ ಪಟ್ಟಿ ಅದು, ಕೈಯ ಉಂಗುರ ಬಾಡಿಗೂ ಪಟ್ಟಿಗೂ ನಡುವೆ ಸಿಕ್ಕಿದರೆ ಬೆರಳು ಉಳಿಯುವುದು ಕಷ್ಟ.

ನಾಡಿ ಹಿಡಿಯುವುದರಲ್ಲೂ ಒಂದು ಮೋಸವಿದೆ. ಒಳ್ಳೆಯ ಪ್ಲಗ್ಗಿನ ರೋಧ ಒಂದು ಓಮ್ ಆಸುಪಾಸು. ಅಗ್ಗದ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೇ ಕಾಲು, ಅರ್ಧ ಓಮ್ ತೋರಿಸುತ್ತದೆ. ಅಂದರೆ ಅಂಥ ಮೀಟರು ಪ್ಲಗ್ಗು ಸತ್ತಿದೆಯೇ ಬದುಕಿದೆಯೇ ಎಂದು ಹೇಳಬಲ್ಲದು, ಕಾಯಿಲೆ ಎಷ್ಟಿದೆ ಎಂದು ಹೇಳಲಾರದು. ಅದಕ್ಕಿಂತ ಹಳೆಯ ಡ್ರೈವರುಗಳ ಟೆಸ್ಟ್ ಲ್ಯಾಂಪೇ ಪ್ರಾಮಾಣಿಕ. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಅದರ ಪಾಸಿಟಿವ್‌ನಿಂದ ಸಣ್ಣ ಬಲ್ಬಿನ ಮೂಲಕ ಪ್ಲಗ್ಗಿನ ತಲೆಗೆ ತಾಗಿಸು, ಹತ್ತಿದರೆ ಸುರುಳಿ ಕಡಿದಿಲ್ಲ. ಹೆಚ್ಚು ಜಾಣತನ ತೋರಿಸದ ಉಪಕರಣ. ಪ್ಲಗ್ಗನ್ನು ಹೊರತೆಗೆದು ನೇರ ಬ್ಯಾಟರಿಗೆ ಕೊಟ್ಟು ಕೆಂಪಾಗುವುದನ್ನು ನೋಡುವ ಆಟ ಮಾತ್ರ ನನಗೆ ಹಿಡಿಸದು. ನೋಡಲು ಒಂದೇ ತೆರನಾದ ಎರಡು ಪ್ಲಗ್ಗುಗಳಲ್ಲಿ ಒಂದು 12 ವೋಲ್ಟಿನದಾಗಿ ಇನ್ನೊಂದು ಅದರ ಅರ್ಧಕ್ಕೂ ಕಡಿಮೆ ವೋಲ್ಟಿನದಾಗಿರಬಹುದು. ಎರಡನೆಯದು ಪ್ರದರ್ಶನ ಕೊಡುತ್ತಲೇ ಪ್ರಾಣ ಬಿಡುತ್ತದೆ.

ಈಗ ಕೈಪಿಡಿಯ ವಿಚಾರ. ವರ್ಕ್‌ಶಾಪ್ ಮ್ಯಾನುಯಲ್ ಎಂಬುದನ್ನು ಸಾಹಿತ್ಯವಾಗಿ ಓದಿದರೆ ಅದರಷ್ಟು ಆಶಾವಾದಿ ಪ್ರಕಾರ ಇನ್ನೊಂದಿಲ್ಲ. ಪಟ್ಟಿ ಬಿಚ್ಚಿ, ಪ್ಲಗ್ಗು ತೆಗೆಯಿರಿ, ಹೊಸದನ್ನು ಹಾಕಿ ಎಂದು ಮೂರು ಸಾಲಿನಲ್ಲಿ ಮುಗಿಸುತ್ತದೆ. ಬರೆದವನ ಕಣ್ಣೆದುರು ಇದ್ದದ್ದು ಹೊಸ ಎಂಜಿನ್ನು. ಇಪ್ಪತ್ತು ವರ್ಷ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕುದಿದ ಎಂಜಿನ್ನಿನಲ್ಲಿ ಆ ಎರಡನೆಯ ಸಾಲೇ ಇಡೀ ಕಾದಂಬರಿ. ಪ್ಲಗ್ಗಿನ ಥ್ರೆಡ್ಡು ತುಕ್ಕಿಗೆ ಕಚ್ಚಿಕೊಂಡಿರುತ್ತದೆ, ತುದಿಯ ಸುತ್ತ ಮಸಿ ಕಲ್ಲಾಗಿರುತ್ತದೆ. ರಿಲೇ ಅಂಟಿಕೊಂಡು ಬಹಳ ಹೊತ್ತು ಕಾದಿದ್ದರೆ ತುದಿ ಊದಿಕೊಂಡಿರುತ್ತದೆ, ಬಂದ ದಾರಿಯಲ್ಲಿ ವಾಪಸು ಹೋಗಲಾರದಷ್ಟು. ತಿರುಚಿದರೆ ಮುರಿಯುತ್ತದೆ. ಮುರಿದ ತುದಿ ಒಳಗೆ ಬಿದ್ದರೆ ಹೆಡ್ ಇಳಿಸಬೇಕು, ಕೆಲವು ನೂರು ರೂಪಾಯಿಯ ಕೆಲಸ ಕಲಾಸಿಪಾಳ್ಯದ ಲೇತ್ ಅಂಗಡಿಯವರೆಗೂ ಹೋಗುತ್ತದೆ. 10 ಮಿಲಿಮೀಟರ್ ಥ್ರೆಡ್ಡಿನ ಪ್ಲಗ್ಗನ್ನು ಕೂರಿಸಲು ಬೇಕಾದ ಬಿಗಿ ಸುಮಾರು 15 ನ್ಯೂಟನ್ ಮೀಟರ್, ಅದು ಮುರಿಯುವುದು 35ರ ಸುಮಾರಿಗೆ. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಗೇಣುದ್ದದ ಸ್ಪ್ಯಾನರಿನ ತುದಿಗೆ ಏಳೆಂಟು ಕೆ.ಜಿ. ಅಕ್ಕಿಯ ಚೀಲ ನೇತುಹಾಕಿದರೆ ಪ್ಲಗ್ಗು ಸರಿಯಾಗಿ ಕೂರುತ್ತದೆ, ಹದಿನೇಳು ಹದಿನೆಂಟು ಕೆ.ಜಿ. ಹಾಕಿದರೆ ಕತ್ತರಿಸಿಕೊಳ್ಳುತ್ತದೆ. ನಡುವೆ ಇರುವುದು ಹತ್ತು ಕೆ.ಜಿ.ಯ ಅಂತರ. ಸಿಟ್ಟು ಬಂದ ಗಂಡಸಿನ ಮೊಣಕೈಗೆ ಆ ಅಂತರ ತಿಳಿಯುವುದೇ ಇಲ್ಲ.

ಮನೆಯ ರಿಪೇರಿ ಗ್ಯಾರೇಜನ್ನು ಮೀರಿಸುವುದು ಇಲ್ಲೇ. ಕಚ್ಚಿದ ಪ್ಲಗ್ಗಿಗೆ ಬೇಕಾದ ಔಷಧ ಒಂದೇ: ತುಕ್ಕುಬಿಡಿಸುವ ಎಣ್ಣೆ ಮತ್ತು ಹೊತ್ತು. ಗುರುವಾರ ರಾತ್ರಿ ಬುಡಕ್ಕೆ ನಾಲ್ಕು ಹನಿ. ಶುಕ್ರವಾರ ಆಫೀಸಿಗೆ ಹೋಗಿಬಂದ ಮೇಲೆ, ಬಿಸಿ ಸ್ವಲ್ಪ ಇಳಿದಾಗ, ಇನ್ನು ನಾಲ್ಕು. ಶನಿವಾರವೂ ಅಷ್ಟೆ. ಎಂಜಿನ್ನು ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ಪ್ರತಿ ಸಲವೂ ಎಣ್ಣೆಯನ್ನು ಒಂದು ಕೂದಲೆಳೆ ಒಳಗೆ ಎಳೆದುಕೊಳ್ಳುತ್ತದೆ. ಭಾನುವಾರ ಬೆಳಗ್ಗೆ ಡೇರಿ ಸರ್ಕಲ್‌ವರೆಗೆ ಹೋಗಿಬಂದು, ಎಂಜಿನ್ನು ಬೆಚ್ಚಗಿರುವಾಗಲೇ, ಉದ್ದ ಹಿಡಿಯ ಬದಲು ಸಣ್ಣ ರಾಟ್ಚೆಟ್ಟು ಹಿಡಿದು, ಎಂಟನೇ ಒಂದು ಸುತ್ತು ಸಡಿಲಿಸಿ, ಅದರ ಅರ್ಧ ವಾಪಸು ಬಿಗಿದು, ಮತ್ತೆ ಸಡಿಲಿಸಿ. ಗ್ಯಾರೇಜಿನವನಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ, ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅವನ ಶೆಡ್ಡಿನಲ್ಲಿ ಗಾಡಿ ಮೂರು ದಿನ ನಿಂತರೆ ಅವನ ಹೊಟ್ಟೆ ತುಂಬುವುದಿಲ್ಲ, ಸಂಜೆ ಐದಕ್ಕೆ ಗಾಡಿ ಕೊಡುತ್ತೇನೆ ಎಂದು ಮಾತು ಕೊಟ್ಟಿರುತ್ತಾನೆ. ನಮ್ಮಲ್ಲಿ ಅವನ ಕೈಚಳಕವಿಲ್ಲ, ಮುರಿದ ಪ್ಲಗ್ಗನ್ನು ಕೊರೆದು ತೆಗೆಯುವ ಸಲಕರಣೆಯೂ ಇಲ್ಲ. ಇರುವುದು ಗುರುವಾರದಿಂದ ಭಾನುವಾರದವರೆಗಿನ ಹೊತ್ತು. ಭಾನುವಾರ ಮಧ್ಯಾಹ್ನ ನೆಂಟರ ಮನೆಗೆ ಹೊರಡಬೇಕೆಂದು ಬೆಳಗ್ಗೆ ಹತ್ತಕ್ಕೆ ಬಾನೆಟ್ ಎತ್ತುವವರು ಇದನ್ನು ಬಿಟ್ಟುಕೊಟ್ಟ ಮೇಲೆ ಅವರ ಕೈಯಲ್ಲಿ ಉಳಿಯುವುದು ಸ್ಪ್ಯಾನರು ಮಾತ್ರ. ಅಂಥವರು ಗ್ಯಾರೇಜಿಗೇ ಹೋಗಲಿ.

ಕೈಚಳಕ ಎಂದಾಗ ನೆನಪಾಯಿತು. ಹೊಸೂರು ರಸ್ತೆ ದಾಟಿದರೆ ಆಡುಗೋಡಿ. ಅಲ್ಲಿಯ ಬಾಷ್ ಕಂಪನಿ 2008ರವರೆಗೂ ಮೈಕೊ ಆಗಿತ್ತು, ಹಳಬರಿಗೆ ಈಗಲೂ ಮೈಕೊನೇ. 1951ರಲ್ಲಿ ಹುಟ್ಟಿದ ಆ ಕಂಪನಿಯಿಂದ ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಪಂಪುಗಳು ಹೋಗುತ್ತಿದ್ದವು. ಆ ಪಂಪಿನ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್, ನಮ್ಮ ಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗವೂ ಅಲ್ಲ. ಅಂಥ ಸಂದುಗಳ ನಡುವೆ ವಯಸ್ಸು ಕಳೆದವರು ಈ ಸುತ್ತಿನ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ನಾನು ಬೀದಿಯಲ್ಲಿ ಬಗ್ಗಿ ನಿಂತಿದ್ದಾಗ ಅಂಥ ಹಿರಿಯರೊಬ್ಬರು ವಾಕಿಂಗ್ ನಿಲ್ಲಿಸಿ ನೋಡಿದರು. ಸಲಹೆ ಕೊಡಲಿಲ್ಲ, ಅದೇ ಆಶ್ಚರ್ಯ. ತೆಗೆದ ಪ್ಲಗ್ಗನ್ನು ಕೈಗೆ ತೆಗೆದುಕೊಂಡು ತುದಿಯನ್ನು ಬೆಳಕಿಗೆ ಹಿಡಿದು, ‘ಇದು ಪ್ಲಗ್ಗಿನ ತಪ್ಪಲ್ಲ, ಮೂರನೇ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ’ ಎಂದರು. ತುದಿ ಒಂದು ಪಕ್ಕಕ್ಕೆ ಮಾತ್ರ ಸುಟ್ಟು ಕೊರೆದಂತಿತ್ತು, ನಾನು ಅದನ್ನು ನೋಡಿಯೂ ನೋಡಿರಲಿಲ್ಲ.

ಗ್ಯಾರೇಜಿನ ಮೇಲೆ ನನಗಿರುವ ದೂರೂ ಅಷ್ಟೇ. ಅಲ್ಲಿ ಹಳೆಯ ಪ್ಲಗ್ಗು ಡಬ್ಬಿಗೆ ಬೀಳುತ್ತದೆ, ಯಾರೂ ಅದನ್ನು ಓದುವುದಿಲ್ಲ. ಊದಿದ ತುದಿ ರಿಲೇಯ ಕಥೆ ಹೇಳುತ್ತದೆ, ಒಂದೇ ಕಡೆ ಕರಗಿದ್ದರೆ ಇಂಜೆಕ್ಟರಿನದು, ಒದ್ದೆ ಮಸಿ ಮೆತ್ತಿದ್ದರೆ ಆ ಸಿಲಿಂಡರಿನ ಒತ್ತಡದ್ದೋ ಎಣ್ಣೆಯದ್ದೋ. ನಾಲ್ಕನ್ನೂ ಸಿಲಿಂಡರಿನ ಕ್ರಮದಲ್ಲೇ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟು ನೋಡುವುದು ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ. ಹೊಸದನ್ನು ಕೂರಿಸುವುದರಲ್ಲಿ ಅಂಥ ಸ್ವಾರಸ್ಯವೇನೂ ಇಲ್ಲ. ತೂತಿನ ಮಸಿ ಕೆರೆದು, ಥ್ರೆಡ್ಡು ಒರೆಸಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ಹತ್ತಿಸಿ, ಕೊನೆಗೆ ಟಾರ್ಕ್ ರೆಂಚು. ತಲೆಯ ಸಣ್ಣ ನಟ್ಟಿಗೆ ಹೆಬ್ಬೆರಳು ತೋರುಬೆರಳಿನ ಬಿಗಿಗಿಂತ ತುಸು ಹೆಚ್ಚು ಸಾಕು. ಹೊಸ ಗಾಡಿಗಳ ಸೆರಾಮಿಕ್ ಪ್ಲಗ್ಗು ಕೈಜಾರಿ ನೆಲಕ್ಕೆ ಬಿದ್ದರೆ, ಚೆನ್ನಾಗಿ ಕಂಡರೂ ಎಸೆಯಬೇಕು, ಒಳಗಿನ ಬಿರುಕು ಕಣ್ಣಿಗೆ ಬೀಳದು.

ಒಂದು ಸತ್ತರೆ ನಾಲ್ಕನ್ನೂ ಬದಲಿಸಬೇಕೇ? ಒಂದೇ ವಯಸ್ಸಿನವು, ಒಂದು ಹೋದರೆ ಉಳಿದವೂ ಬೆನ್ನಿಗೇ ಹೋಗುತ್ತವೆ, ಆದ್ದರಿಂದ ಸೆಟ್ಟಾಗಿಯೇ ಬದಲಿಸಿ ಎಂಬುದು ತಯಾರಕರ ಮಾತು. ತರ್ಕ ಸರಿ. ಆದರೆ ತಯಾರಕರು ಮುರಿಯುವ ಅಪಾಯವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಹಳೆಯ ಎಂಜಿನ್ನಿನಲ್ಲಿ ಬದುಕಿರುವ ಪ್ಲಗ್ಗೊಂದನ್ನು ಹಠದಿಂದ ಕೀಳುವುದು ನೋವಿಲ್ಲದ ಹಲ್ಲನ್ನು ಕೀಳಿಸಿದಂತೆ. ಸುಲಭವಾಗಿ ಬಂದರೆ ಬದಲಿಸು, ಬರದಿದ್ದರೆ ಇರಲಿ ಎನ್ನುವುದೇ ನನ್ನ ಕ್ರಮ. ಪೂರ್ಣತೆಯ ಗೀಳಿನವರಿಗೆ ಇದು ಒಪ್ಪಿಗೆಯಾಗದು. ಪೇಪರಿನ ಮೇಲೆ ಮೂರು ಹಳೆಯ ಪ್ಲಗ್ಗು, ಡಬ್ಬಿಯಲ್ಲಿ ಒಂದು ಹೊಸದು ಉಳಿದುಬಿಟ್ಟರೆ ಅವರಿಗೆ ನಿದ್ದೆ ಬಾರದು.

ನನ್ನದು ಹಾಗೇ ಉಳಿದಿದೆ. ಮೂರು ಬಂದವು. ಎಂಜಿನ್ನಿನ ಹಿಂದಿನ ಫೈರ್‌ವಾಲ್ ತಗಡಿನ ಮಗ್ಗುಲಲ್ಲಿ, ಕೈ ತೂರದ ಸಂದಿನಲ್ಲಿ ಕುಳಿತಿರುವ ನಾಲ್ಕನೆಯದು ಒಂದು ಸಲ ಮಾತ್ರ ಕಿರ್ ಎಂದಿತು, ಆಮೇಲೆ ಅಲುಗಲಿಲ್ಲ. ಟೆಸ್ಟ್ ಲ್ಯಾಂಪ್ ತಾಗಿಸಿ ನೋಡಿದೆ, ಉರಿಯಿತು. ನೆಗೆಟಿವ್ ಮತ್ತೆ ಬಿಚ್ಚಿ ಪಟ್ಟಿ ಜೋಡಿಸಿ, ನೆಗೆಟಿವ್ ಹಾಕಿ ಬಾನೆಟ್ ಇಳಿಸಿದೆ. ಸೋಮವಾರ ಬೆಳಗ್ಗೆ ಗಾಡಿ ಒಂದೇ ಹೊಡೆತಕ್ಕೆ ಎದ್ದಿತು, ಬಾಲ್ಕನಿಯಲ್ಲಿ ಬಟ್ಟೆಗಳು ಇದ್ದಲ್ಲೇ ಇದ್ದವು. ಇಂಜೆಕ್ಟರನ್ನು ಪಂಪ್ ಅಂಗಡಿಗೆ ಒಯ್ಯಬೇಕು, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ನಾಲ್ಕನೆಯ ಪ್ಲಗ್ಗಿನ ಬುಡಕ್ಕೆ ಮಾತ್ರ ಗುರುವಾರ ರಾತ್ರಿ ಮತ್ತೆ ನಾಲ್ಕು ಹನಿ ಬಿಟ್ಟಿದ್ದೇನೆ.