ತವರಿಗೆ ಗಡೀಪಾರು

ಹೊರನಾಡ ಕನ್ನಡಿಗರು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವ ಚಿತ್ರಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಮುಂಬಯಿಯ ಉಡುಪಿ ಹೋಟೆಲು, ಹಗಲು ದುಡಿದವರು ಓದಿದ ರಾತ್ರಿಶಾಲೆ, ಮಾಟುಂಗಾದ ಮೈಸೂರು ಅಸೋಸಿಯೇಶನ್, ಯಕ್ಷಗಾನದ ಆಟ. ಈ ಪಟ್ಟಿಯಲ್ಲಿ ಠಾಣೆ ಜಿಲ್ಲೆಯ ಭಿವಂಡಿ ಬರುವುದು ಕಡಿಮೆ. ಬಂದರೂ ಪವರ್‌ಲೂಮಿನ ಊರು ಅಂತ ಬರುತ್ತದೆ. ಆ ಮಗ್ಗಗಳ ಊರಿನಲ್ಲೇ ಹನುಮಾನ್ ಟೇಕ್ಡಿ ಎಂಬ ಬಸ್ತಿಯಿದೆ. ಟೇಕ್ಡಿ ಅಂದರೆ ಗುಡ್ಡ. ಮೈ ಮಾರಿ ಬದುಕುವ ಹೆಂಗಸರ ಬಸ್ತಿ ಅದು. ಕರ್ನಾಟಕ, ಆಂಧ್ರ, ತೆಲಂಗಾಣ, ಬಂಗಾಳ ಹೀಗೆ ಹಲವು ಕಡೆಯಿಂದ ಬಂದವರು ಅಲ್ಲಿದ್ದಾರೆ. ಅವರಲ್ಲಿ ಕನ್ನಡದವರೂ ಹೊರನಾಡ ಕನ್ನಡಿಗರೇ. ನಮ್ಮ ಸಂಘಗಳ ಸನ್ಮಾನದ ಪಟ್ಟಿಯಲ್ಲಿ ಅವರಿಲ್ಲ, ಹೋಗಲಿ. ಕಾನೂನಿನ ಪುಸ್ತಕದಲ್ಲಿ ಅವರಿಗೆ ಎಂಥ ಜಾಗ ಕೊಟ್ಟಿದ್ದಾರೆ ಅಂತಾದರೂ ಓದಿ ನೋಡಬೇಡವೇ?

ಓದಬೇಕಾದ ಪುಸ್ತಕ 1956ರದ್ದು. 1986ರಲ್ಲಿ ತಿದ್ದುಪಡಿಯಾದ ಮೇಲೆ ಅದಕ್ಕೆ ಅನೈತಿಕ ವ್ಯವಹಾರ (ತಡೆ) ಕಾಯ್ದೆ ಅಂತ ಹೆಸರು. ಪೊಲೀಸರ ಬಾಯಲ್ಲಿ ‘ಪೀಟಾ’. ಇದರ 17ನೇ ಕಲಮು ನೋಡಿ. ದಾಳಿಯಲ್ಲಿ ಬಿಡಿಸಿ ತಂದ ಹೆಂಗಸನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವರು ಅವಳ ವಯಸ್ಸು, ನಡತೆ, ಪೂರ್ವಾಪರ ವಿಚಾರಿಸಬೇಕು. ಅವಳನ್ನು ವಹಿಸಿಕೊಳ್ಳಲು ತಂದೆತಾಯಿ, ಪೋಷಕರು ಅಥವಾ ಗಂಡ ಯೋಗ್ಯರೇ ಎಂದು ತನಿಖೆ ಮಾಡಿಸಬೇಕು. ರಕ್ಷಣೆ ಬೇಕು ಅಂತ ಕಂಡುಬಂದರೆ ಒಂದರಿಂದ ಮೂರು ವರ್ಷ ಸಂರಕ್ಷಣಾ ಗೃಹದಲ್ಲಿ ಇರಿಸಬಹುದು. ಎಲ್ಲಾ ಒಳ್ಳೆಯ ಉದ್ದೇಶದ್ದೇ. ಆದರೆ ಒಂದು ಪ್ರಶ್ನೆ ಮಾತ್ರ ಕಲಮಿನಲ್ಲಿ ಇಲ್ಲ: ‘ನಿನಗೆ ಎಲ್ಲಿ ಇರಬೇಕಮ್ಮಾ?’ ತಂದೆಯ ಬಗ್ಗೆ ಕೇಳುತ್ತದೆ, ಗಂಡನ ಬಗ್ಗೆ ಕೇಳುತ್ತದೆ, ಎಲ್ಲಿರಬೇಕೆಂದು ಅವಳನ್ನು ಕೇಳುವುದಿಲ್ಲ. ಅವಳ ಹೇಳಿಕೆ ಯಾವ ಭಾಷೆಯಲ್ಲಿ ಆಗಬೇಕು ಅನ್ನುವುದರ ಸುದ್ದಿಯೂ ಇಲ್ಲ. ವಿಚಾರಣೆಯ ಹೊತ್ತಿಗೆ ಮಹಿಳಾ ಪೊಲೀಸರು ಇರಬೇಕು ಎಂದು ಹೇಳುವ ಕಾಯ್ದೆ, ಅವಳ ಮಾತು ತಿಳಿಯುವವರು ಇರಬೇಕು ಎಂದು ಹೇಳಲು ಮರೆತಿದೆ. ಬೆಳಗಾವಿ ಸೀಮೆಯ ಕನ್ನಡ ಬಿಟ್ಟರೆ ಹರಕುಮುರುಕು ಹಿಂದಿ ಮಾತ್ರ ಬಲ್ಲವಳ ಕಥೆ ಮರಾಠಿ ಕಾಗದಕ್ಕೆ ಇಳಿಯುವಾಗ ಎಷ್ಟು ಉಳಿದೀತು?

ಈ ಕಾಯ್ದೆಗೆ ಮನೆ ಅಂದರೆ ತವರು, ಇಲ್ಲವೇ ಗಂಡನ ಮನೆ. ನಮ್ಮ ಕಡೆಯ ಹೆಣ್ಣುಮಕ್ಕಳ ವಿಷಯದಲ್ಲಿ ಅದು ಎಡವುವುದು ಇಲ್ಲೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿ ಇತ್ತು. ಕದ್ದುಮುಚ್ಚಿ ಇನ್ನೂ ಇದೆ. ಮುತ್ತು ಕಟ್ಟಿಸಿಕೊಂಡವರೆಲ್ಲ ಮುಂಬಯಿಗೆ ಹೋಗಲಿಲ್ಲ, ಬಹಳ ಜನ ಊರಲ್ಲೇ ಕೂಲಿ ಮಾಡಿ ಬದುಕಿದರು. ಹೋದವರ ದಾರಿ ಮಾತ್ರ ತವರಿನ ಕಟ್ಟೆಯಿಂದಲೇ ಶುರುವಾಯಿತು. ಕರ್ನಾಟಕದ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಗೆ ಇದು ಚೆನ್ನಾಗಿ ಗೊತ್ತಿತ್ತು. ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಸಜೆ, ಕಟ್ಟಿಸಿದವರು ತಂದೆತಾಯಿ ಅಥವಾ ಬಂಧುಗಳಾದರೆ ಐದು ವರ್ಷದವರೆಗೆ ಎಂದಿತು. 2013ರಲ್ಲಿ ದಂಡಸಂಹಿತೆಯ 370ನೇ ಕಲಮಿಗೆ ಸೇರಿ, ಈಗ ಭಾರತೀಯ ನ್ಯಾಯ ಸಂಹಿತೆಯ 143ರಲ್ಲಿರುವ ಮಾನವ ಕಳ್ಳಸಾಗಣೆಯ ವ್ಯಾಖ್ಯೆಯೂ ಅಷ್ಟೇ: ಅವಳ ಮೇಲೆ ಹಿಡಿತ ಇರುವವರಿಗೆ ದುಡ್ಡು ಕೊಟ್ಟು ಒಪ್ಪಿಗೆ ಪಡೆದು, ಶೋಷಣೆಗಾಗಿ ಸಾಗಿಸಿದರೂ ಅಪರಾಧವೇ. ಒಂದು ಕಾನೂನು ಮನೆಯವರನ್ನು ಆರೋಪಿ ಮಾಡುತ್ತದೆ. ಇನ್ನೊಂದು ಅವಳನ್ನು ವಹಿಸಿಕೊಳ್ಳಲು ಮೊದಲು ಅದೇ ಮನೆಯ ವಿಳಾಸ ಹುಡುಕುತ್ತದೆ. ಒಪ್ಪಿಸುವ ಮುಂಚೆ ಮನೆಯವರ ಯೋಗ್ಯತೆ ನೋಡಬೇಕು ಎಂಬ 17-ಎ ಕಲಮು ಇದೆ ನಿಜ. ಯೋಗ್ಯರಲ್ಲ ಅಂತ ಗೊತ್ತಾದರೆ ಮುಂದೇನು? ಮತ್ತೆ ಸಂರಕ್ಷಣಾ ಗೃಹದ ಬಾಗಿಲು.

2020ರಲ್ಲಿ ಬಾಂಬೆ ಹೈಕೋರ್ಟಿಗೆ ಬಂದ ಪ್ರಕರಣ ಇದೇ ಗಂಟನ್ನು ಬಿಡಿಸಿತು. ಮುಂಬಯಿಯಲ್ಲಿ ಸಿಕ್ಕ ಮೂವರು ವಯಸ್ಕ ಹೆಂಗಸರು ಉತ್ತರ ಪ್ರದೇಶದವರು. ಅವರ ಜಾತಿಯಲ್ಲಿ ಈ ಕಸುಬು ರೂಢಿ ಎಂಬ ಕಾರಣಕ್ಕೆ ತಂದೆತಾಯಿಗೆ ಒಪ್ಪಿಸಬಾರದು ಎಂದ ಮ್ಯಾಜಿಸ್ಟ್ರೇಟರು, ಒಂದು ವರ್ಷ ಉತ್ತರ ಪ್ರದೇಶದ ಗೃಹದಲ್ಲಿ ಇಡಲು ಆದೇಶಿಸಿದ್ದರು. ನ್ಯಾಯಮೂರ್ತಿ ಪೃಥ್ವಿರಾಜ್ ಚವಾಣ್ ಅದನ್ನು ತಳ್ಳಿಹಾಕಿದರು. ಇವರು ವಯಸ್ಕರು, ಬೇಕಾದ ಕಡೆ ಇರುವುದು, ಓಡಾಡುವುದು ಇವರ ಮೂಲಭೂತ ಹಕ್ಕು, ಇವರ ಒಪ್ಪಿಗೆಯಿಲ್ಲದೆ ಕೂಡಿಹಾಕುವಂತಿಲ್ಲ ಎಂಬುದು ತೀರ್ಪಿನ ಸಾರ. ಸುಪ್ರೀಂ ಕೋರ್ಟ್ ಕೂಡ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು, ಮನಸ್ಸಿಲ್ಲದೆ ಗೃಹಗಳಲ್ಲಿ ಇರುವ ವಯಸ್ಕ ಹೆಂಗಸರನ್ನು ಪತ್ತೆಮಾಡಿ ಬಿಡುಗಡೆಗೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಹೇಳಿತು. ಕಾಯ್ದೆಯ ಪುಟ ಮಾತ್ರ ಹಾಗೇ ಉಳಿದಿದೆ. ಅದರ 20ನೇ ಕಲಮಿನಡಿ ಇಂಥ ಹೆಂಗಸನ್ನು ತನ್ನ ಹದ್ದಿನಿಂದಲೇ ಆಚೆ ಹೋಗು ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅದು ಸಂವಿಧಾನಬದ್ಧ ಎಂದು 1960ರ ದಶಕದ ಕೌಶಲ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು.

ಹೋಲಿಕೆಗೆ ನಮ್ಮ ಹುಡುಗರು ಹುಡುಗಿಯರು ಹೋಗಿ ನೆಲೆಸಿರುವ ಅಮೆರಿಕ ನೋಡಿ. ಅಲ್ಲಿ 2000ದಲ್ಲಿ ಬಂದ ಕಾನೂನು ಕಳ್ಳಸಾಗಣೆಗೆ ಸಿಕ್ಕ ಪರದೇಶಿಯರಿಗೆ ‘ಟಿ’ ವೀಸಾ, ಮನೆಯೊಳಗಿನ ಹಿಂಸೆಯೂ ಸೇರಿ ಕೆಲವು ಅಪರಾಧಗಳಿಗೆ ತುತ್ತಾದವರಿಗೆ ‘ಯು’ ವೀಸಾ ಇಟ್ಟಿತು. ಕುಂದುಗಳು ಬೇಕಾದಷ್ಟಿವೆ. ವರ್ಷಕ್ಕೆ ಮೊದಲನೆಯದು 5,000, ಎರಡನೆಯದು 10,000 ಎಂಬ ಮಿತಿ. ಸಾಮಾನ್ಯವಾಗಿ ಪೊಲೀಸರಿಗೆ ಸಹಕರಿಸಬೇಕೆಂಬ ಷರತ್ತು. ವರ್ಷಗಟ್ಟಲೆ ಕಾಯುವ ಸಾಲು. ಆದರೂ ಅದರ ತಿರುಳು ಸರಳ: ಅನ್ಯಾಯ ಆದ ನೆಲದಲ್ಲೇ ಉಳಿದು ಬದುಕು ಕಟ್ಟಿಕೊಳ್ಳಲು ಅವಕಾಶ. ಭಿವಂಡಿಗೆ ಬಂದ ಸವದತ್ತಿ ಕಡೆಯವಳಿಗೆ ವೀಸಾ ಬೇಡ. ಸಂವಿಧಾನದ 19ನೇ ವಿಧಿಯೇ ಅವಳ ವೀಸಾ. ಪರದೇಶಿಗೆ ಅಲ್ಲಿ ಸಿಗಬಹುದಾದ ‘ಇಲ್ಲೇ ಇರು’ ಎಂಬ ಮಾತು ಸ್ವದೇಶದವಳಿಗೆ ಇಲ್ಲಿ ಸಿಗುವುದಿಲ್ಲ ಅಂದರೆ ಏನನ್ನಬೇಕು?

‘ಅಲ್ಲೇ ಬಿಟ್ಟರೆ ಘರ್‌ವಾಲಿ ಮತ್ತೆ ಎಳಕೊಂಡು ಹೋಗ್ತಾಳಲ್ಲಾ?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹದಿನೆಂಟು ತುಂಬದ ಮಕ್ಕಳ ಮಾತು ಬೇರೆ. ಅವರನ್ನು ತಕ್ಷಣ ಅಲ್ಲಿಂದ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ವಯಸ್ಕಳಿಗೂ ಕೆಲವು ದಿನ ನೆರಳು ಬೇಕಾಗಬಹುದು. ಆದರೆ ಒಳಗಿನಿಂದ ತೆಗೆಯಬಹುದಾದ ಚಿಲಕಕ್ಕೂ ಹೊರಗಿನಿಂದ ಹಾಕಿದ ಬೀಗಕ್ಕೂ ವ್ಯತ್ಯಾಸ ಇದೆ. ಹಿಂದೆ ಎಳೆಯುವುದು ಘರ್‌ವಾಲಿ ಒಬ್ಬಳೇ ಅಲ್ಲ. ಸಾಲ, ಸೂರಿಲ್ಲದಿರುವುದು, ಕಾಗದಪತ್ರ ಇಲ್ಲದಿರುವುದು, ಊರಿನವರ ಬಾಯಿ, ಇವೆಲ್ಲ ಸೇರಿ ಎಳೆಯುತ್ತವೆ. ಇದಕ್ಕೆ ಪೀಟಾದಲ್ಲಿ ಔಷಧವಿಲ್ಲ. 2020ರ ಸೆಪ್ಟೆಂಬರಿನಲ್ಲಿ, ಗುರುತಿನ ಪುರಾವೆಗೆ ಪಟ್ಟು ಹಿಡಿಯದೆ ಇವರಿಗೆ ರೇಷನ್ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರ ಸರಕಾರ ಆ ವರ್ಷದ ಅಕ್ಟೋಬರಿನಿಂದ ಡಿಸೆಂಬರಿನ ಮಟ್ಟಿಗೆ ತಿಂಗಳಿಗೆ 5,000 ರೂಪಾಯಿ ಘೋಷಿಸಿತು. ‘ನಿನ್ನೂರು ಯಾವುದು, ಅಪ್ಪ ಯಾರು’ ಎಂಬ ತಂಟೆಯಿಲ್ಲದೆ, ಇದ್ದ ಕಡೆಯೇ ನೆರವು ಮುಟ್ಟಿಸಲು ಬರುತ್ತದೆ ಅಂತಾಯಿತಲ್ಲ!

ನಮ್ಮ ಸರಕಾರದ ಲೆಕ್ಕವೂ ಊರಿನ ಮನೆಯ ಹೊಸ್ತಿಲಿಗೇ ನಿಂತಿದೆ. 2007-08ರ ಸಮೀಕ್ಷೆಯ ಹೊತ್ತಿಗೆ ಒಟ್ಟು 46,660 ದೇವದಾಸಿಯರು ಎಂದು ಬರೆದುಕೊಂಡರು. ಮುಂದೆ ಬಹಳ ವರ್ಷ ಮಾಸಾಶನ, ಮನೆ, ಸಾಲ ಎಲ್ಲಕ್ಕೂ ಅದೇ ಪಟ್ಟಿ ಆಧಾರವಾಯಿತು. ಮನೆಮನೆಗೆ ಹೋಗಿ ಬರೆಯುವ ಪಟ್ಟಿಯಲ್ಲಿ ಆ ಹೊತ್ತಿಗೆ ಭಿವಂಡಿಯಲ್ಲೋ ಸಾಂಗ್ಲಿಯಲ್ಲೋ ಇದ್ದವಳು ಸಿಗುವುದಾದರೂ ಹೇಗೆ? ಅಲ್ಲಿಯ ಸರಕಾರಕ್ಕೆ ಅವಳು ಹೊರಗಿನವಳು, ಇಲ್ಲಿಯ ಸರಕಾರಕ್ಕೆ ಊರಲ್ಲಿ ಇಲ್ಲದವಳು.

ಆದ್ದರಿಂದ ಮೊದಲು ಆಗಬೇಕಾದ ತಿದ್ದುಪಡಿ ಸಣ್ಣದು. ಎಲ್ಲಿರಬೇಕು ಎಂಬ ಪ್ರಶ್ನೆಯನ್ನು 17ನೇ ಕಲಮು ಅವಳಿಗೇ, ಅವಳ ಭಾಷೆಯಲ್ಲೇ ಕೇಳಬೇಕು. ಪರಿಹಾರ, ಮಾಸಾಶನಗಳು ಅವಳ ಹಿಂದೆ ರಾಜ್ಯದ ಗಡಿ ದಾಟಿ ಹೋಗಬೇಕು. ಸವದತ್ತಿಗೆ ಬರುತ್ತೇನೆ ಎಂದರೆ ಬರಲಿ, ನಾವು ಬಾಗಿಲು ತೆಗೆಯೋಣ. ಭಿವಂಡಿಯಲ್ಲೇ ಒಂದು ಖೋಲಿ ಹಿಡಿದು, ಬೇರೆ ಕೆಲಸ ಮಾಡಿ, ಮಗಳನ್ನು ಶಾಲೆಗೆ ಕಳಿಸುತ್ತೇನೆ ಎಂದರೆ ಅದೂ ಪುನರ್ವಸತಿಯೇ. ಹೋಟೆಲು ಇಟ್ಟವನು ಮುಂಬಯಿಯಲ್ಲೇ ನೆಲೆಯೂರಿದಾಗ ಯಾರೂ ಅವನನ್ನು ಊರಿಗೆ ವಾಪಸು ಕಳಿಸಲಿಲ್ಲ.