ಜಾಲದ ಕಾವಲು: ಅಲ್ಪವ್ಯಯದ ಸಾಧನಗಳ ಒಂದು ವಿಮರ್ಶೆ

ಸರ್ವರುಗಳನ್ನೂ ಜಾಲಗಳನ್ನೂ ಕಾಯುವ ತಂತ್ರಾಂಶಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಬೆಲೆಯ ಚರ್ಚೆಯಾಗಿಯೇ ಮುಗಿಯುವುದುಂಟು. ಬೆಲೆಯಿಲ್ಲದೆ ದೊರೆಯುವ ನಾಲ್ಕಾರು ಸಾಧನಗಳನ್ನು ಕೂಡಿಸಿದರೆ ಸಾಕೆಂಬುದು ಒಂದು ಪಕ್ಷ. ಹಣ ತೆತ್ತು ಒಂದೇ ಸಮಗ್ರ ಸಾಧನವನ್ನು ಕೊಳ್ಳುವುದು ಲೇಸೆಂಬುದು ಇನ್ನೊಂದು. ಆದರೆ ಸಾಧನವು ಏನನ್ನು ಕಾಣಬಲ್ಲುದು, ಏನನ್ನು ಕಾಣಲಾರದು ಎಂಬ ಮೂಲಪ್ರಶ್ನೆಯನ್ನು ಎರಡು ಪಕ್ಷಗಳೂ ಕೈಬಿಟ್ಟಿವೆಯೆಂದು ನಮಗೆ ತೋರುತ್ತದೆ.

ಪ್ರತಿಯೊಂದು ಸಾಧನವೂ ಒಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುದು. ಟೋಬಿ ಓಟಿಕರ್ ೧೯೯೪ರಲ್ಲಿ ಎಂಆರ್‌ಟಿಜಿಯನ್ನು ಬರೆಯತೊಡಗಿದುದು, ೬೪ ಕಿಲೋಬಿಟ್ಟಿನ ಒಂದೇ ತಂತಿಯ ಮೇಲೆ ಎಷ್ಟು ಹೊರೆಯಿದೆಯೆಂದು ತೋರಿಸುವುದಕ್ಕಾಗಿ. ಈಥನ್ ಗಾಲ್‌ಸ್ಟಾಡ್ ೧೯೯೯ರಲ್ಲಿ ಹೊರತಂದು ಮುಂದೆ ನಾಗಿಯೋಸ್ ಎನಿಸಿದ ಸಾಧನದ ಪ್ರಶ್ನೆ ಬೇರೆ: ಯಂತ್ರವು ಓಗೊಡುತ್ತಿದೆಯೇ, ಇಲ್ಲವೇ? ಮೊದಲನೆಯದು ಐದು ನಿಮಿಷಗಳ ಸರಾಸರಿಯನ್ನು ಬರೆದಿಡುವುದರಿಂದ, ಅರೆನಿಮಿಷದ ಉಬ್ಬರವು ಅದರ ಗೆರೆಯಲ್ಲಿ ಕರಗಿಹೋಗುತ್ತದೆ. ಎರಡನೆಯದು ಕೇಳಿದ ಪ್ರಶ್ನೆಗಷ್ಟೇ ಉತ್ತರ ತರುತ್ತದೆ. ಕೇಳಲು ಮರೆತುದನ್ನು ತಾನಾಗಿ ಹೇಳುವುದಿಲ್ಲ. ಆದುದರಿಂದ ಇವೆರಡನ್ನೂ ಕೂಡಿಸುವುದು ಜಿಪುಣತನವಲ್ಲ, ವಿವೇಕವೇ ಸರಿ.

ಆದರೆ ಕೂಡಿಸಿದಲ್ಲಿಯೇ ಬಿರುಕೂ ಹುಟ್ಟುತ್ತದೆ. ತುಮಕೂರಿನಲ್ಲಿ ಕೇಂದ್ರವನ್ನೂ ಗುಬ್ಬಿ, ಕುಣಿಗಲ್ಲುಗಳಲ್ಲಿ ಶಾಖೆಗಳನ್ನೂ ಉಳ್ಳ ಒಂದು ವಿದ್ಯಾಸಂಸ್ಥೆಯನ್ನು ಊಹಿಸೋಣ. ಗುಬ್ಬಿಯ ತಂತಿ ಕಡಿಯಿತು; ಅದರಾಚೆ ಇಪ್ಪತ್ತು ಯಂತ್ರಗಳಿವೆ. ಇಪ್ಪತ್ತೂ ಕೆಟ್ಟವೆಂದು ಇಪ್ಪತ್ತು ಕೂಗು ಬಂದರೆ, ಕಾಯುವವನು ಹತ್ತು ದಿನಗಳಲ್ಲಿ ಕೂಗಿಗೆ ಕಿವುಡನಾಗುತ್ತಾನೆ. ಯಾವ ಯಂತ್ರ ಯಾವುದರ ಬೆನ್ನಿಗಿದೆಯೆಂದು ಮೊದಲೇ ತಿಳಿಸಿದ್ದರೆ, ನಾಗಿಯೋಸ್ ‘ಕೆಟ್ಟಿದೆ’ ಎಂಬುದನ್ನೂ ‘ತಲುಪಲಾಗದು’ ಎಂಬುದನ್ನೂ ಬೇರೆಬೇರೆಯಾಗಿ ಹೇಳಬಲ್ಲುದು. ಪಕ್ಕದ ಸಾಧನಕ್ಕೆ ಆ ವಂಶಾವಳಿ ತಿಳಿಯದಿದ್ದರೆ ಒಂದೇ ಘಟನೆಗೆ ಎರಡು ಕಥೆಗಳಾಗುತ್ತವೆ. ಎಲ್ಲ ಸಾಧನಗಳಿಗೂ ಯಂತ್ರಗಳ ಪಟ್ಟಿ ಒಂದೇ ಇರಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಗಹನವಾದುದು. ಕಾವಲಿನ ಯಂತ್ರವೇ ತುಮಕೂರಿನಲ್ಲಿ ಬಿದ್ದುಹೋದರೆ ಯಾವ ಕೂಗೂ ಬಾರದು. ಆ ಮೌನವನ್ನು ನಾವು ಕ್ಷೇಮವೆಂದೇ ಓದುತ್ತೇವೆ. ಕೆರೆಯ ನೀರುಗಂಟಿ ತೂಬಿನ ಬಳಿಗೆ ದಿನವೂ ನಡೆದುಹೋಗಿ ನೋಡುತ್ತಿದ್ದನೇ ಹೊರತು, ಯಾರೂ ದೂರಲಿಲ್ಲವೆಂದು ಮನೆಯಲ್ಲಿ ಕುಳಿತಿರಲಿಲ್ಲ. ಗುಬ್ಬಿ, ಕುಣಿಗಲ್ಲುಗಳಲ್ಲಿಯೂ ಒಂದೊಂದು ಹಳೆಯ ಗಣಕವನ್ನಿಟ್ಟು ಅವುಗಳಿಂದ ಕೇಂದ್ರವನ್ನು ಕಾಯಿಸಬಹುದು. ಎರಡೂ ಕಡೆಯಿಂದ ದೂರು ಬಂದರೆ ಕೇಂದ್ರವನ್ನು ಶಂಕಿಸಬೇಕು. ಒಂದೇ ಕಡೆಯಿಂದ ಬಂದರೆ ಆ ಕಡೆಯ ತಂತಿಯನ್ನು. ದೂರು ಮಾತ್ರ ಅದೇ ತಂತಿಯ ಮೇಲೆ ಬರಬಾರದು, ಮೊಬೈಲಿನ ಮೂಲಕ ಬರಬೇಕು.

ಇದು ಕೇವಲ ಪ್ರಯೋಗಾಲಯದ ವಿಷಯವೆಂದು ತಿಳಿಯಲಾಗದು. ‘ಭೂಮಿ’ ಯೋಜನೆಯಿಂದ ಪಹಣಿಯು ಗಣಕಕ್ಕೆ ಏರಿ ಎರಡು ದಶಕಗಳು ಕಳೆದಿವೆ. ತಂತಿ ಕಡಿದ ದಿನ ಸಾಲಿನಲ್ಲಿ ನಿಂತ ರೈತನಿಗೆ ಆಗುವ ನಷ್ಟ ಒಂದು ದಿನದ ಕೂಲಿ. ಅಂತಹ ಜಾಲಗಳನ್ನು ನಾಳೆ ಕಾಯಬೇಕಾದವರು ಇಂದಿನ ನಮ್ಮ ವಿದ್ಯಾರ್ಥಿಗಳೇ.

ಸಮಗ್ರ ಸಾಧನದ ಪಕ್ಷದಲ್ಲಿಯೂ ಸತ್ಯವಿಲ್ಲದಿಲ್ಲ. ಬಿಡಿ ಸಾಧನಗಳಿಗೆ ಬೆಲೆಯಿಲ್ಲ, ಆದರೆ ದುಡಿಮೆಯಿದೆ. ಅವನ್ನು ಜೋಡಿಸಿದ ಅಧ್ಯಾಪಕರಿಗೆ ವರ್ಗವಾದರೆ ಜೋಡಣೆಯ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುತ್ತದೆ. ಆದರೂ ಕೊಂಡ ಸಾಧನವೂ ತನ್ನ ಮೌನವನ್ನು ತಾನೇ ಸಾರಲಾರದು. ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಸಾಧನಗಳನ್ನು ಕೂಡಿಸಿರಿ, ಕೂಡಿಸಿದ ಕ್ರಮವನ್ನು ಬರೆದಿಡಿರಿ, ಮತ್ತು ಅವಧಿಗೊಮ್ಮೆ ಬೇಕೆಂದೇ ಒಂದು ತಂತಿಯನ್ನು ಕಿತ್ತು ನೋಡಿರಿ. ಕೂಗು ಬಂದರೆ ಕಾವಲಿದೆ. ಬಾರದಿದ್ದರೆ ಇದ್ದುದು ಬರಿಯ ಚಿತ್ರಪಟ.